ದೋಷವೆಂಬ ಮಾತಿನ ಎರಡು ಅರ್ಥಗಳು

ಸಂಸ್ಕೃತದಿಂದ ಬಂದು ಕನ್ನಡದಲ್ಲಿ ಮನೆಮಾತಾಗಿರುವ ಪದಗಳಲ್ಲಿ ‘ದೋಷ’ವೆಂಬುದೊಂದು. ಈ ಪದವನ್ನು ನ್ಯಾಯಾಧಿಪತಿಯೂ ಬಳಸುತ್ತಾನೆ, ವೈದ್ಯನೂ ಬಳಸುತ್ತಾನೆ. ಆದರೆ ಇಬ್ಬರ ಬಾಯಲ್ಲಿಯೂ ಅದರ ಅರ್ಥ ಒಂದೇ ಅಲ್ಲ. ನ್ಯಾಯಾಧಿಪತಿಯು ಹೇಳುವ ದೋಷವು ಒಬ್ಬನು ತಿಳಿದು, ಬಿಡುವ ಶಕ್ತಿಯಿದ್ದೂ ಬಿಡದೆ ಮಾಡಿದ ತಪ್ಪು. ಅದಕ್ಕೆ ನಿಂದೆಯುಂಟು, ದಂಡವುಂಟು. ಆಯುರ್ವೇದದ ವೈದ್ಯನು ಹೇಳುವ ದೋಷಗಳಾದರೋ ವಾತ, ಪಿತ್ತ, ಕಫಗಳು. ಅವು ದೇಹವನ್ನು ಧರಿಸಿರುವ ವಸ್ತುಗಳೇ. ಸಮತೆ ತಪ್ಪಿದಾಗ ಮಾತ್ರ ದೇಹವನ್ನು ಕೆಡಿಸುವುವು. ಅಲ್ಲಿ ನಿಂದೆಗೆ ಎಡೆಯಿಲ್ಲ. ಏನು ಕೆಟ್ಟಿದೆ, ಏತರಿಂದ ಕೆಟ್ಟಿದೆ, ಹೇಗೆ ಸರಿಪಡಿಸಬಹುದು ಎಂಬ ವಿಚಾರವೊಂದೇ ಅಲ್ಲಿರುವುದು.

ಒಂದೇ ಪದಕ್ಕೆ ಎರಡು ಅರ್ಥವಿರುವುದು ಭಾಷೆಗೆ ಭೂಷಣವಾಗಬಹುದು. ಸಂಸಾರಕ್ಕೆ ಅದು ಕೆಲವು ವೇಳೆ ವಿಪತ್ತಾಗುತ್ತದೆ. ಮನೆಯಲ್ಲಿ ಒಬ್ಬರಿಗೆ ಮನಸ್ಸಿನ ಕಾಯಿಲೆ ಬಂದು, ಅದರ ಜೊತೆಗೆ ಮೈಯೂ ಬೆಳೆಯಿತೆಂದರೆ, ವೈದ್ಯನ ಅರ್ಥದಲ್ಲಿ ವಿಚಾರಿಸಬೇಕಾದ ದೋಷವನ್ನು ಮನೆಯವರು ನ್ಯಾಯಾಧಿಪತಿಯ ಅರ್ಥದಲ್ಲಿ ವಿಚಾರಿಸತೊಡಗುತ್ತಾರೆ. ಇದರಿಂದ ಆಗುವ ಹಾನಿ ಎಷ್ಟು, ಇದನ್ನು ಬಿಟ್ಟರೆ ಧರ್ಮವಿಚಾರಕ್ಕೆ ಉಳಿಯುವುದೇನು ಎಂಬುದೇ ಇಲ್ಲಿಯ ಪ್ರಶ್ನೆ.

ತುರುವೇಕೆರೆಗೂ ಚಿಕ್ಕನಾಯಕನಹಳ್ಳಿಗೂ ನಡುವೆ ಇರಬಹುದಾದ ಒಂದು ಮನೆಯನ್ನು ವಾಚಕರು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಲಿ. ಮೂರು ಎಕರೆ ತೆಂಗಿನ ತೋಟ. ಅಟ್ಟದ ಮೇಲೆ ಕೊಬ್ಬರಿಗೆಂದು ಕೂಡಿಟ್ಟ ಕಾಯಿ. ತಿಪಟೂರಿನ ಮಾರುಕಟ್ಟೆಯ ಧಾರಣೆಯನ್ನು ನಂಬಿದ ಸಂಸಾರ. ಹಿರಿಯ ಮಗ ತಿಪಟೂರಿನಲ್ಲಿ ಓದಿ ಪದವೀಧರನಾದವನು. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಒಂದು ಬೇಸಗೆ ಅವನಿಗೆ ಮೂರು ವಾರ ನಿದ್ರೆಯೇ ಬೇಡವಾಯಿತು. ರಾತ್ರಿಯೆಲ್ಲ ಲೆಕ್ಕ ಬರೆದನು. ಇದ್ದ ಹಣವನ್ನು ಕೊಳವೆಬಾವಿಗೂ ಹೊಸ ಮೋಟಾರಿಗೂ ಮುಂಗಡ ಕೊಟ್ಟನು. ಕಂಡಕಂಡವರಿಗೆ ಸಹಾಯದ ಮಾತು ಕೊಟ್ಟನು. ಮಳೆಗಾಲ ಕಳೆಯುವ ಹೊತ್ತಿಗೆ ಅದೇ ಹುಡುಗ ಹೊದಿಕೆ ಎಳೆದುಕೊಂಡು ಮಲಗಿದವನು ಮಧ್ಯಾಹ್ನವಾದರೂ ಏಳಲಿಲ್ಲ. ಹಗಲು ಊಟದ ಮುಂದೆ ಸುಮ್ಮನೆ ಕುಳಿತಿರುವನು; ನಡುರಾತ್ರಿ ಎದ್ದು ಸಿಕ್ಕಿದ್ದನ್ನು ತಿನ್ನುವನು. ವೈದ್ಯರು ಕಾಯಿಲೆಯನ್ನು ಗುರುತಿಸಿ ಔಷಧ ಕೊಟ್ಟರು. ಮನಸ್ಸು ಒಂದು ಹದಕ್ಕೆ ಬಂದಿತು. ಆದರೆ ವರ್ಷದೊಳಗೆ ಮೈತೂಕ ಹದಿನೈದು ಕಿಲೋ ಏರಿತು.

ಮದುವೆಯ ಛತ್ರದಲ್ಲಿ ನಂಟರು ನಕ್ಕರು. “ಏನಪ್ಪಾ, ಮಾವನ ಮನೆ ಸೇರೋಕೆ ಮುಂಚೇನೇ ಅಳಿಯ ಆಗ್ಬಿಟ್ಟಿದೀಯಲ್ಲ” ಎಂದರು ಒಬ್ಬರು. ಸೋದರಮಾವನವರು ಪ್ರೀತಿಯಿಂದಲೇ ಬುದ್ಧಿ ಹೇಳಿದರು: “ತಿನ್ನೋದು ಕಮ್ಮಿ ಮಾಡು, ಮಾತ್ರೆ ಬಿಸಾಕು, ಬೆಳಗ್ಗೆ ಎದ್ದು ತೋಟದಾಗೆ ನಾಲ್ಕು ಪಾತಿ ಬಿಡಿಸು, ಎಲ್ಲ ಸರಿಹೋಗ್ತದೆ.” ಹುಡುಗನು ಹೇಳಿದ ಮೂರರಲ್ಲಿ ಸುಲಭವಾದುದೊಂದನ್ನು ಮಾಡಿದನು, ಮಾತ್ರೆಯನ್ನು ಬಿಟ್ಟನು. ಎರಡು ತಿಂಗಳ ಮೇಲೆ ಒಂದು ಅಪರಾತ್ರಿಯಲ್ಲಿ ತೋಟದ ಬಾವಿಯ ಕಟ್ಟೆಯ ಬಳಿ ನಿಂತಿದ್ದವನನ್ನು ತಂದೆ ಕೈಹಿಡಿದು ಮನೆಗೆ ಕರೆತಂದರು.

ಈ ಮನೆ ಕಲ್ಪಿತ. ಇಂಥ ಮನೆಗಳು ಕಲ್ಪಿತವಲ್ಲ. ಇಲ್ಲಿ ದೋಷ ಯಾರದು?

ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಹೇಳುವುದೇ ನ್ಯಾಯ. ಅದು ಹೀಗೆ: ಮನುಷ್ಯನಿಗೆ ಇಚ್ಛೆಯೆಂಬುದುಂಟು. ಹಸಿವು, ನಿದ್ರೆ, ಆಲಸ್ಯಗಳು ಎಲ್ಲರಿಗೂ ಇವೆ; ಅವನ್ನು ಗೆಲ್ಲುವುದೇ ಪುರುಷಾರ್ಥ. ನಮ್ಮ ಶಾಸ್ತ್ರಗಳು ಮಿತಾಹಾರವನ್ನು ಹೊಗಳಿವೆ, ಹಗಲುನಿದ್ರೆಯನ್ನು ಹಳಿದಿವೆ. ಎಲ್ಲವನ್ನೂ ಕಾಯಿಲೆಯೆಂದು ಹೇಳಿಬಿಟ್ಟರೆ ಜವಾಬ್ದಾರಿಯೆಂಬ ಮಾತಿಗೆ ಅರ್ಥವೇನು ಉಳಿಯಿತು? ಮಗನನ್ನು ಗದರಿಸಿ ಎಬ್ಬಿಸುವ ತಾಯಿಯಲ್ಲಿರುವುದು ಕ್ರೌರ್ಯವಲ್ಲ, ಮಮತೆಯೇ. ಈ ವಾದವನ್ನು ಮೌಢ್ಯವೆಂದು ತಳ್ಳಿಬಿಡುವಂತಿಲ್ಲ. ಆದರೆ ಇದು ನಿಂತಿರುವುದು ಒಂದು ನಂಬಿಕೆಯ ಮೇಲೆ: ಮನಸ್ಸು ಬೇರೆ, ಮೈ ಬೇರೆ, ಮನಸ್ಸು ಒಡೆಯ, ಮೈ ಆಳು, ಆಳು ಮಾತು ಕೇಳದಿದ್ದರೆ ಒಡೆಯನದೇ ತಪ್ಪು. ಈ ನಂಬಿಕೆ ಎಷ್ಟು ಸತ್ಯವೆಂಬುದನ್ನು ಮೊದಲು ನೋಡಬೇಕು.

ಮೇಲೆ ವರ್ಣಿಸಿದ ಕಾಯಿಲೆಗೆ ದ್ವಿಧ್ರುವ ಮನೋವ್ಯಾಧಿಯೆಂದು ಹೆಸರು. ಜನರು ಬೈಪೋಲಾರ್ ಎನ್ನುತ್ತಾರೆ. ಒಂದು ತುದಿಯಲ್ಲಿ ಉನ್ಮಾದ, ಇನ್ನೊಂದು ತುದಿಯಲ್ಲಿ ಖಿನ್ನತೆ. ೨೦೧೯ರಲ್ಲಿ ಲೋಕದಲ್ಲಿ ಸುಮಾರು ನಾಲ್ಕು ಕೋಟಿ ಜನ ಈ ವ್ಯಾಧಿಯಿಂದ ಬಳಲುತ್ತಿದ್ದರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೨೦೧೫–೧೬ರಲ್ಲಿ ದೇಶದ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಇಂಥ ರೋಗಿಗಳಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಮಂದಿ ಚಿಕಿತ್ಸೆಯಿಲ್ಲದೆ ಇದ್ದರೆಂದು ಕಂಡುಬಂದಿತು. ಉನ್ಮಾದದ ದಿನಗಳು ಊರಿನ ಕಣ್ಣಿಗೆ ಬೀಳುತ್ತವೆ. ಆದರೆ ರೋಗಿಯ ಆಯುಸ್ಸಿನಲ್ಲಿ ಅವಕ್ಕಿಂತ ಬಹಳ ಹೆಚ್ಚಿನ ಕಾಲವನ್ನು ನುಂಗುವುದು ಖಿನ್ನತೆಯೇ. ಈ ಖಿನ್ನತೆಯಲ್ಲಿ ಅನೇಕರಿಗೆ ನಿದ್ರೆಯೂ ಹಸಿವೂ ಕಡಮೆಯಾಗದೆ ಹೆಚ್ಚಾಗುತ್ತವೆ. ಕೈಕಾಲುಗಳು ಸೀಸದಂತೆ ಭಾರವಾಗುತ್ತವೆ. ಹಾಗಾದರೆ ಆ ಮನೆಯ ಹುಡುಗನ ಹಗಲುನಿದ್ರೆ, ನಡುರಾತ್ರಿಯ ಊಟಗಳು ಕಾಯಿಲೆಯನ್ನು ತಂದ ದುರಭ್ಯಾಸಗಳಲ್ಲ, ಕಾಯಿಲೆಯ ಲಕ್ಷಣಗಳು. ಕೆಮ್ಮಿದ್ದರಿಂದ ಕ್ಷಯ ಬಂದಿತೆಂದು ಯಾರೂ ಹೇಳುವುದಿಲ್ಲವಷ್ಟೆ.

ಔಷಧದ ಪಾಲನ್ನೂ ಮರೆಮಾಚಬಾರದು. ೧೯೪೯ರಲ್ಲಿ ಆಸ್ಟ್ರೇಲಿಯದ ಜಾನ್ ಕೇಡ್ ಎಂಬ ವೈದ್ಯನು ಲಿಥಿಯಂ ಲವಣವು ಉನ್ಮಾದವನ್ನು ಶಮನಮಾಡುವುದೆಂದು ತೋರಿಸಿಕೊಟ್ಟ ಮೇಲೆ ಈ ವ್ಯಾಧಿಯ ಕತೆಯೇ ಬೇರೆಯಾಯಿತು. ಅನಂತರ ವಾಲ್‌ಪ್ರೋಯೇಟ್, ಒಲಾಂಜಪೀನ್, ಕ್ವಿಟಿಯಾಪಿನ್ ಮೊದಲಾದುವು ಬಂದುವು. ಇವು ಎಷ್ಟೋ ಪ್ರಾಣಗಳನ್ನು ಉಳಿಸಿವೆ. ಆದರೆ ಇವುಗಳಲ್ಲಿ ಹಲವು ತೂಕವನ್ನು ಏರಿಸತಕ್ಕವು. ಒಲಾಂಜಪೀನ್ ಎಲ್ಲಕ್ಕಿಂತ ಹೆಚ್ಚು. ‘ಹೊಟ್ಟೆ ತುಂಬಿತು, ಸಾಕು’ ಎಂದು ಮೆದುಳಿಗೆ ತಿಳಿಯುವ ದಾರಿಯನ್ನೇ ಅವು ಮಂದಗೊಳಿಸುತ್ತವೆ. ಲಿಥಿಯಂ ಕೆಲವರಲ್ಲಿ ಥೈರಾಯ್ಡ್ ಗ್ರಂಥಿಯನ್ನು ಸೋಲಿಸಿ ತೂಕಕ್ಕೂ ಜಡತ್ವಕ್ಕೂ ಇನ್ನೊಂದು ಕಾರಣವನ್ನು ಸೇರಿಸುತ್ತದೆ. ನೆರೆಯವರು ಹೊಟ್ಟೆಬಾಕತನವೆಂದು ಹೆಸರಿಟ್ಟುದರಲ್ಲಿ ಒಂದು ಪಾಲು ವೈದ್ಯನ ಚೀಟಿಯಲ್ಲಿಯೇ ಬರೆದಿದ್ದಿತು.

ಇನ್ನು ಉರಿಯೂತದ ವಿಷಯ. ಮುಳ್ಳು ಚುಚ್ಚಿದ ಬೆರಳು ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಊದಿಕೊಂಡು ನೋಯುತ್ತದೆ. ಇದು ದೇಹವು ತನ್ನ ರಕ್ಷಣೆಗೆ ಹೂಡುವ ಯುದ್ಧ. ಯುದ್ಧ ಮುಗಿದರೆ ಸೈನ್ಯ ಹಿಂದಿರುಗಬೇಕು. ಕೆಲವರಲ್ಲಿ ಅದು ಹಿಂದಿರುಗದೆ, ಕಣ್ಣಿಗೆ ಕಾಣದಷ್ಟು ಸಣ್ಣ ಪ್ರಮಾಣದಲ್ಲಿ, ಮೈಯೆಲ್ಲ ಹರಡಿ ವರ್ಷಗಟ್ಟಲೆ ನಿಲ್ಲುತ್ತದೆ. ಇದನ್ನು ರಕ್ತದಲ್ಲಿ ಅಳೆಯಬಹುದು. ೧೯೩೦ರಲ್ಲಿ ಅಮೆರಿಕದಲ್ಲಿ ಕಂಡುಹಿಡಿದ, ಯಕೃತ್ತಿನಲ್ಲಿ ಹುಟ್ಟುವ ಸಿ-ರಿಯಾಕ್ಟಿವ್ ಪ್ರೋಟೀನ್ ಎಂಬ ವಸ್ತು ಇದರ ಒಂದು ಗುರುತು; ಒಂದು ಜೀವಕಣದಿಂದ ಇನ್ನೊಂದಕ್ಕೆ ಯುದ್ಧದ ಸುದ್ದಿಯನ್ನು ಒಯ್ಯುವ ಸೈಟೊಕೈನ್‌ಗಳೆಂಬ ದೂತವಸ್ತುಗಳು ಬೇರೆ ಗುರುತುಗಳು. ದ್ವಿಧ್ರುವ ವ್ಯಾಧಿಯವರಲ್ಲಿ ಇವು, ಎಲ್ಲರಲ್ಲಿಯೂ ಅಲ್ಲದಿದ್ದರೂ ಸರಾಸರಿಯಲ್ಲಿ, ಇತರರಿಗಿಂತ ಹೆಚ್ಚಾಗಿರುವುದು ಕಂಡುಬಂದಿದೆ.

ಇದಕ್ಕೂ ಮೇದಸ್ಸಿಗೂ ಏನು ಸಂಬಂಧ? ಕೊಬ್ಬೆಂಬುದು ಅಟ್ಟದಲ್ಲಿಟ್ಟ ದಾಸ್ತಾನಿನಂತೆ ಸುಮ್ಮನೆ ಬಿದ್ದಿರುವ ವಸ್ತುವೆಂದು ಬಹುಕಾಲ ತಿಳಿದಿದ್ದರು. ೧೯೯೩ರಲ್ಲಿ ಅಮೆರಿಕದ ವಿಜ್ಞಾನಿಗಳು ಸ್ಥೂಲವಾದ ಇಲಿಗಳ ಮೇದಸ್ಸು ತಾನೇ ಉರಿಯೂತದ ಒಂದು ದೂತವಸ್ತುವನ್ನು ಹೊರಡಿಸುವುದೆಂದು ತೋರಿಸಿದರು. ಮರುವರ್ಷ ಲೆಪ್ಟಿನ್ ಎಂಬ, ಹಸಿವನ್ನು ಆಳುವ ರಸವು ಮೇದಸ್ಸಿನಲ್ಲಿಯೇ ಹುಟ್ಟುವುದೆಂದು ತಿಳಿಯಿತು. ಮುಂದೆ, ಬೊಜ್ಜು ಬೆಳೆದ ಮೈಯ ಕೊಬ್ಬಿನೊಳಗೆ ದೇಹದ ಕಾವಲು ಕಣಗಳೇ ಬಂದು ನೆಲೆಸಿರುವುದೂ ಕಂಡಿತು. ಆದುದರಿಂದ ಮೇದಸ್ಸು ಹೆಚ್ಚಿದಲ್ಲಿ, ಅದರಲ್ಲಿಯೂ ಹೊಟ್ಟೆಯ ಸುತ್ತ ಹೆಚ್ಚಿದಲ್ಲಿ, ಒಳಗಿನ ಉರಿಯೂ ಹೆಚ್ಚುತ್ತದೆ.

ಈ ಉರಿ ಮನಸ್ಸನ್ನು ಮುಟ್ಟುವುದೆಂಬುದಕ್ಕೆ ಎಲ್ಲರ ಅನುಭವವೇ ಒಂದು ಸಾಕ್ಷಿ. ೨೦೦೬ರಲ್ಲಿ ಕರ್ನಾಟಕದ ಅನೇಕ ಜಿಲ್ಲೆಗಳಲ್ಲಿ ಚಿಕುನ್‌ಗುನ್ಯ ಹರಡಿದುದನ್ನು ವಾಚಕರು ಮರೆತಿರಲಾರರು. ಜ್ವರ ಬಂದವನು ಮೂಲೆ ಹಿಡಿದು ಮಲಗುತ್ತಾನೆ. ಮಾತು ಬೇಡ, ಬೆಳಕು ಬೇಡ, ಮಕ್ಕಳ ಆಟವೂ ಬೇಡ. ಅವನನ್ನು ಯಾರೂ ಸೋಮಾರಿಯೆನ್ನಲಿಲ್ಲ. ಮೈಯುರಿ ಮನಸ್ಸನ್ನೂ ಮಲಗಿಸಿತೆಂದು ಎಲ್ಲರಿಗೂ ತಿಳಿದಿದ್ದಿತು. ಇನ್ನೊಂದು ಸಾಕ್ಷಿ ವೈದ್ಯಶಾಸ್ತ್ರದ್ದು. ಯಕೃತ್ತಿಗೆ ತಗಲುವ ಹೆಪಟೈಟಿಸ್ ಸಿ ಎಂಬ ಸೋಂಕಿಗೆ ಹಿಂದೆ ಇಂಟರ್‌ಫೆರಾನ್ ಎಂಬ ಔಷಧ ಕೊಡುತ್ತಿದ್ದರು. ಅದು ಉರಿಯೂತದ ಒಂದು ದೂತವಸ್ತುವೇ. ಅದನ್ನು ತೆಗೆದುಕೊಂಡವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ, ಹಿಂದೆಂದೂ ಇಲ್ಲದಿದ್ದವರಿಗೂ, ತೀವ್ರವಾದ ಖಿನ್ನತೆ ಬರುತ್ತಿದ್ದಿತು. ಅವರ ಶೀಲವಾಗಲಿ ಸಂಕಲ್ಪವಾಗಲಿ ಆ ಕೆಲವು ವಾರಗಳಲ್ಲಿ ಬದಲಾಗಿರಲಿಲ್ಲ, ಬದಲಾದುದು ರಕ್ತ.

ಹೀಗೆ ಒಂದು ಚಕ್ರವೇರ್ಪಡುತ್ತದೆ. ಖಿನ್ನತೆ ನಡಿಗೆಯನ್ನು ನಿಲ್ಲಿಸಿ, ನಿದ್ರೆಯ ಕ್ರಮವನ್ನು ಕೆಡಿಸಿ, ಹಸಿವನ್ನು ಹೆಚ್ಚಿಸುತ್ತದೆ. ಅದಕ್ಕೆ ಔಷಧವೂ ಜೊತೆಗೂಡಿ ಮೇದಸ್ಸು ಬೆಳೆಯುತ್ತದೆ. ಮೇದಸ್ಸು ಉರಿಯೂತವನ್ನು ಬೆಳೆಸುತ್ತದೆ. ಉರಿಯೂತ ಮನಸ್ಸನ್ನು ಮತ್ತಷ್ಟು ಕುಗ್ಗಿಸುತ್ತದೆ. ತೆಂಗಿನ ಮರ ಮೊದಲೋ ಕಾಯಿ ಮೊದಲೋ ಎಂದು ಕೇಳಿದಂತೆ ಇಲ್ಲಿಯೂ ಮೊದಲು ಯಾವುದೆಂದು ಹೇಳುವುದು ಕಷ್ಟ; ಬೀಜಾಂಕುರನ್ಯಾಯವೆಂದು ತಾರ್ಕಿಕರು ಹೇಳುವುದು ಇದನ್ನೇ. ಈ ಚಕ್ರದ ಕೊನೆ ಮನಸ್ಸಿನ ನೋವು ಮಾತ್ರವಲ್ಲ. ಈ ವ್ಯಾಧಿಯವರು ಇತರರಿಗಿಂತ ಸರಾಸರಿ ಹತ್ತು ವರ್ಷಕ್ಕೂ ಮುಂಚೆ ತೀರಿಕೊಳ್ಳುತ್ತಾರೆ. ಆತ್ಮಹತ್ಯೆ ಒಂದು ಕಾರಣ; ಹೃದ್ರೋಗ, ಮಧುಮೇಹ ಮೊದಲಾದ ಮೈಯ ಕಾಯಿಲೆಗಳು ದೊಡ್ಡ ಕಾರಣ.

ಆದರೆ ವಿಷಯವನ್ನು ಇರುವುದಕ್ಕಿಂತ ಸರಳಮಾಡಿ ಹೇಳಬಾರದು. ಉರಿಯೂತವನ್ನು ಆರಿಸಿಬಿಟ್ಟರೆ ಖಿನ್ನತೆಯೂ ಆರುವುದೇ ಎಂದು ಪರೀಕ್ಷೆಗಳು ನಡೆದಿವೆ. ೨೦೧೩ರಲ್ಲಿ ಅಮೆರಿಕದಲ್ಲಿ, ಔಷಧಕ್ಕೆ ಬಗ್ಗದ ಖಿನ್ನತೆಗೆ ಇನ್‌ಫ್ಲಿಕ್ಸಿಮಾಬ್ ಎಂಬ ಉರಿಯೂತನಾಶಕವನ್ನು ಕೊಟ್ಟು ನೋಡಿದರು. ಒಟ್ಟಿನಲ್ಲಿ ಪ್ರಯೋಜನ ಕಾಣಲಿಲ್ಲ. ಉರಿಯೂತದ ಗುರುತು ರಕ್ತದಲ್ಲಿ ಹೆಚ್ಚಾಗಿದ್ದವರಲ್ಲಿ ಮಾತ್ರ ಗುಣದ ಸೂಚನೆ ಕಂಡಿತು. ಅದೇ ಔಷಧವನ್ನು ದ್ವಿಧ್ರುವ ಖಿನ್ನತೆಯವರಿಗೇ ಕೊಟ್ಟು ೨೦೧೯ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿಯೂ ಒಟ್ಟಾರೆ ಲಾಭವಿರಲಿಲ್ಲ. ಪಾಕಿಸ್ತಾನದಲ್ಲಿ ಮಿನೊಸೈಕ್ಲಿನ್, ಸೆಲೆಕಾಕ್ಸಿಬ್ ಎಂಬ ಎರಡು ಔಷಧಗಳಿಂದ ನಡೆಸಿ ೨೦೨೦ರಲ್ಲಿ ಪ್ರಕಟಿಸಿದ ಪರೀಕ್ಷೆಯೂ ನಿರಾಶೆಯಲ್ಲಿಯೇ ಮುಗಿಯಿತು. ಇದರಿಂದ ತಿಳಿಯುವುದೇನೆಂದರೆ, ಉರಿಯೂತವು ಈ ವ್ಯಾಧಿಯ ಒಂದು ಎಳೆ. ಕೆಲವರಲ್ಲಿ ದಪ್ಪನಾದ ಎಳೆ, ಕೆಲವರಲ್ಲಿ ಇಲ್ಲದ ಎಳೆ. ಉರಿಯೂತವೇ ರೋಗವೆಂದು ಹೇಳಿ ಪುಡಿ ಮಾರುವವನ ಮಾತನ್ನು ಯಾರೂ ನಂಬತಕ್ಕದ್ದಲ್ಲ.

ಪ್ರಾಚೀನರು ಈ ವಿಷಯದಲ್ಲಿ ಏನು ಹೇಳಿದ್ದಾರೆಂಬುದನ್ನು ನೋಡುವುದು ಅಪ್ರಸ್ತುತವಾಗದು. ಅವರಿಗೆ ಸೈಟೊಕೈನ್‌ಗಳು ತಿಳಿದಿದ್ದುವೆಂದು ಹೇಳಿಕೊಳ್ಳುವುದು ಅವರಿಗೆ ಗೌರವವಲ್ಲ, ಅಪಹಾಸ್ಯ. ಆದರೆ ಚರಕಸಂಹಿತೆಯ ಶಾರೀರಸ್ಥಾನದಲ್ಲಿ, ದೇಹವು ಮನಸ್ಸನ್ನು ಅನುಸರಿಸುವಂತೆಯೇ ಮನಸ್ಸೂ ದೇಹವನ್ನು ಅನುಸರಿಸುವುದೆಂಬ ಅಭಿಪ್ರಾಯ ಸ್ಪಷ್ಟವಾಗಿದೆ. ಒಡೆಯ-ಆಳುಗಳ ಉಪಮಾನ ಅಲ್ಲಿಲ್ಲ. ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯವು ಅತಿಸ್ಥೂಲನನ್ನು ಕುರಿತದ್ದು. ಸ್ಥೂಲನ ಹಸಿವು ಹೆಚ್ಚಾಗಿರುವುದಕ್ಕೆ ಅವನ ಮೇದಸ್ಸೇ ಕಾರಣವಾಗುವ ಬಗೆಯನ್ನು ಅಲ್ಲಿ ವಿವರಿಸಿದೆ: ಮೇದಸ್ಸು ಮಾರ್ಗಗಳನ್ನು ತಡೆಯುವುದರಿಂದ ವಾಯುವು ಕೋಷ್ಠದಲ್ಲಿ ನಿಂತು ಜಠರಾಗ್ನಿಯನ್ನು ಉರಿಸುವುದಂತೆ. ಸ್ಥೌಲ್ಯದ ಕಾರಣಗಳನ್ನೆಣಿಸುವಾಗ ಅತಿಭೋಜನ, ವ್ಯಾಯಾಮವಿಲ್ಲದಿರುವುದು, ಹಗಲುನಿದ್ರೆಗಳ ಜೊತೆಗೆ ಬೀಜಸ್ವಭಾವವನ್ನೂ, ಎಂದರೆ ತಾಯಿತಂದೆಗಳಿಂದ ಬಂದುದನ್ನೂ, ಗ್ರಂಥಕಾರನು ಸೇರಿಸಿದ್ದಾನೆ. ಅದೇ ಪಟ್ಟಿಯಲ್ಲಿ ನಿತ್ಯಸಂತೋಷ, ಚಿಂತೆಯಿಲ್ಲದಿರುವುದು ಎಂಬ ಎರಡೂ ಇವೆ. ದಪ್ಪನಾದವನು ನಿಶ್ಚಿಂತನೆಂಬ ಊರಿನ ನಗೆಮಾತಿಗೆ ಇಷ್ಟು ಹಳೆಯ ಬೇರಿದೆ. ದ್ವಿಧ್ರುವ ಖಿನ್ನತೆಯವನ ವಿಷಯದಲ್ಲಿ ಈ ಭಾಗ ಒಪ್ಪುವುದಿಲ್ಲ. ಅವನ ಮೈ ಬೆಳೆದಿರುವುದು ಸುಖದಿಂದಲ್ಲ, ದುಃಖದಿಂದ. ಹಿರಿಯರ ಮಾತಿನಲ್ಲಿ ಸತ್ಯವಿದ್ದುದನ್ನು ತೆಗೆದುಕೊಂಡು, ಅನುಭವಕ್ಕೆ ಹೊಂದದಿದ್ದುದನ್ನು ಬಿಡುವುದು ಅವರಿಗೆ ಅವಮಾನವಲ್ಲ.

ಬೀಜಸ್ವಭಾವದ ಮಾತಿಗೆ ಮೈಸೂರಿನಲ್ಲಿ ನಡೆದ ಒಂದು ಶೋಧನೆಯನ್ನು ಜೋಡಿಸಬಹುದು. ಅಲ್ಲಿಯ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ೧೯೩೪ರಿಂದ ಸುಮಾರು ಇಪ್ಪತ್ತು ವರ್ಷ ಹುಟ್ಟಿದ ಮಕ್ಕಳ ತೂಕವನ್ನು ದಾದಿಯರು ಪುಸ್ತಕದಲ್ಲಿ ಬರೆದಿಟ್ಟಿದ್ದರು. ಆ ಮಕ್ಕಳು ನಡುವಯಸ್ಸಿನವರಾದ ಮೇಲೆ ಸಂಶೋಧಕರು ಅವರನ್ನು ಹುಡುಕಿ ಪರೀಕ್ಷಿಸಿ ೧೯೯೬ರಲ್ಲಿ ಪ್ರಕಟಿಸಿದ ಫಲವೇನೆಂದರೆ, ಕಡಮೆ ತೂಕದಿಂದ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚು. ತಾಯಿಯ ಗರ್ಭದಲ್ಲಿದ್ದಾಗ ಸಿಕ್ಕ ಅಥವಾ ಸಿಗದ ಪೋಷಣೆಯು ಐವತ್ತು ವರ್ಷದ ಮೇಲಿನ ದೇಹಸ್ಥಿತಿಯನ್ನು ತಿದ್ದುತ್ತದೆ. ಭಾರತೀಯರಿಗೆ ನೋಟಕ್ಕೆ ಸಣ್ಣ ಮೈಯಿದ್ದರೂ ಹೊಟ್ಟೆಯ ಕೊಬ್ಬು ಹೆಚ್ಚೆಂದು ತಿಳಿದಿರುವುದರಿಂದಲೇ ಇಲ್ಲಿಯ ವೈದ್ಯರು ಅಪಾಯದ ಗೆರೆಯನ್ನು ಗಂಡಸರ ನಡುವಿನ ಸುತ್ತಳತೆಗೆ ೯೦, ಹೆಂಗಸರಿಗೆ ೮೦ ಸೆಂಟಿಮೀಟರ್ ಎಂದು ಎಳೆದಿರುವುದು. ಹುಟ್ಟುವ ಮುಂಚೆಯೇ ಬರೆದ ಒಂದು ಪಾಲಿಗೆ ಯಾರನ್ನು ದಂಡಿಸುವುದು? ಹಸಿದಿದ್ದ ಬಾಣಂತಿಯನ್ನೆ?

ಇಷ್ಟು ಹೇಳಿದ ಮೇಲೆ ಒಂದು ಹೊಸ ಅಪಾಯ ತಲೆದೋರುತ್ತದೆ. ಹಿಂದೆ “ನಿನ್ನ ಮನಸ್ಸು ಗಟ್ಟಿಯಿಲ್ಲ” ಎಂದು ಬೈಯುತ್ತಿದ್ದವರು ಇನ್ನು ಮೇಲೆ “ನೀನು ಮೈ ಬೆಳೆಸಿಕೊಂಡೆ, ಅದಕ್ಕೇ ನಿನಗೆ ಖಿನ್ನತೆ” ಎಂದು ಬೈಯಬಹುದು. ಕೋಲು ಬದಲಾಯಿತು, ಏಟು ಬದಲಾಗಲಿಲ್ಲ. ವಿಜ್ಞಾನವು ಕಾರಣವನ್ನು ತೋರಿಸುತ್ತದೆ. ಕಾರಣವನ್ನು ಅಪರಾಧವಾಗಿ ಮಾಡುವವರು ನಾವು.

ತೆಂಗಿನ ಸೀಮೆಯವರಿಗೆ ಈ ಭೇದವನ್ನು ಹೇಳಿಕೊಡಬೇಕಾಗಿಲ್ಲ. ಅವರು ತೋಟದಲ್ಲಿ ಅದನ್ನು ದಿನವೂ ಆಚರಿಸುತ್ತಾರೆ. ಅಣಬೆ ರೋಗ ಬಂದ ಮರದ ಬುಡದಿಂದ ಕಂದುಬಣ್ಣದ ರಸ ಸೋರುತ್ತದೆ, ಗರಿಗಳು ಜೋತುಬೀಳುತ್ತವೆ, ಕಾಯಿ ಕಡಮೆಯಾಗುತ್ತದೆ. ರೈತನು ಮರಕ್ಕೆ ಸೋಮಾರಿಯೆಂದು ಬೈಯುವುದಿಲ್ಲ. ಬುಡವನ್ನು ಬಿಡಿಸಿ ನೋಡುತ್ತಾನೆ; ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳುತ್ತಾನೆ; ಬೇವಿನ ಹಿಂಡಿಯನ್ನು ಹಾಕುತ್ತಾನೆ; ರೋಗದ ಮರಕ್ಕೆ ಹಾಯಿಸಿದ ನೀರು ಪಕ್ಕದ ಮರಕ್ಕೆ ಹರಿಯದಂತೆ ನೋಡಿಕೊಳ್ಳುತ್ತಾನೆ. ೧೯೯೮ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿ ಪೀಡೆ ಮುಂದೆ ಈ ಸೀಮೆಯ ಕಾಯಿಗಳ ಮೈಯನ್ನೂ ಸುಕ್ಕುಗಟ್ಟಿಸಿದಾಗ, ಕಾಯಿಯದೇ ತಪ್ಪೆಂದು ಯಾರೂ ಹೇಳಲಿಲ್ಲ. ಮರಕ್ಕೆ ಸಲ್ಲುವ ನ್ಯಾಯ ಮಗನಿಗೇಕೆ ಸಲ್ಲಬಾರದು?

ಇಲ್ಲಿ ಪೂರ್ವಪಕ್ಷದವರು ಸರಿಯಾದ ಒಂದು ಆಕ್ಷೇಪವನ್ನು ತರುತ್ತಾರೆ: ಮನುಷ್ಯನು ಮರವಲ್ಲ. ಮರಕ್ಕೆ ಕರ್ತವ್ಯವಿಲ್ಲ, ಮನುಷ್ಯನಿಗುಂಟು. ರೋಗಿಯನ್ನು ಮರದಂತೆ ಕಂಡರೆ ಅವನ ಮನುಷ್ಯತ್ವವನ್ನೇ ಕಿತ್ತುಕೊಂಡಂತಾಯಿತು. ಈ ಆಕ್ಷೇಪ ಒಪ್ಪತಕ್ಕದ್ದೇ. ಇದಕ್ಕೆ ಸಮಾಧಾನವನ್ನು ಮೀಮಾಂಸಾಶಾಸ್ತ್ರದಲ್ಲಿ ಕಾಣಬಹುದು. ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯದ ವಿಷಯ ‘ಅಧಿಕಾರ’. ವಿಧಿಯೆಂಬುದು ಯಾರಿಗೆ ಅನ್ವಯಿಸುತ್ತದೆ? ಫಲವನ್ನು ಬಯಸುವವನಿಗೆ, ಮಾಡುವ ಸಾಮರ್ಥ್ಯವುಳ್ಳವನಿಗೆ. ಸಾಮರ್ಥ್ಯವಿಲ್ಲದವನಿಗೆ ಹೇಳಿದ ವಿಧಿ ವಿಧಿಯೇ ಅಲ್ಲ, ಬರಿಯ ಶಬ್ದ. ಖಿನ್ನತೆಯ ಆಳದಲ್ಲಿರುವವನಿಗೆ “ಎದ್ದು ಪಾತಿ ಬಿಡಿಸು” ಎಂದು ಹೇಳುವುದು ಇಂಥ ಶಬ್ದ. ಅದು ಅವನನ್ನು ಎಬ್ಬಿಸುವುದಿಲ್ಲ. ಏಳಲಾರದ ತನ್ನ ಅಶಕ್ತಿಯನ್ನು ತಪ್ಪೆಂದು ಅವನು ನಂಬುವಂತೆ ಮಾಡುತ್ತದೆ, ಅಷ್ಟೆ. ಬಾವಿಯ ಕಟ್ಟೆಯ ತನಕ ಅವನನ್ನು ನಡೆಸಿದುದು ಆ ನಂಬಿಕೆಯೇ.

ಅದೇ ಅಧ್ಯಾಯದಲ್ಲಿ ಇನ್ನೊಂದು ವಿವೇಕವಿದೆ. ಫಲಕ್ಕಾಗಿ ಮಾಡುವ ಕಾಮ್ಯಕರ್ಮವನ್ನು ಸಾಂಗವಾಗಿ, ಒಂದಂಗವೂ ಲೋಪವಾಗದಂತೆ ಮಾಡಬೇಕು. ನಿತ್ಯಕರ್ಮವನ್ನಾದರೋ ಯಥಾಶಕ್ತಿಯಾಗಿ ಮಾಡಿದರೆ ಸಾಕು. ಅಂಗಲೋಪವಾದರೂ ಕರ್ಮ ನಿಷ್ಫಲವಲ್ಲ. ರೋಗಿಯ ಪಥ್ಯ, ನಡಿಗೆ, ಔಷಧಗಳನ್ನು ಕಾಮ್ಯಕರ್ಮದಂತೆ ನೋಡುವುದರಿಂದಲೇ ಮನೆಯಲ್ಲಿ ಜಗಳ ಹುಟ್ಟುವುದು: ತಿಂಗಳಿಗೆ ಇಷ್ಟು ತೂಕ ಇಳಿಯಬೇಕು, ಇಳಿಯದಿದ್ದರೆ ಎಲ್ಲ ವ್ಯರ್ಥ. ಅವನ್ನು ನಿತ್ಯಕರ್ಮದಂತೆ ಕಾಣಬೇಕು. ಇಂದು ತೋಟದ ಬೇಲಿಯ ತನಕ ನಡೆದನೆ, ಸರಿ. ನಾಳೆ ಜಗಲಿಯ ತನಕ ಮಾತ್ರ ಬಂದನೆ, ಅದೂ ಸರಿ. ರಾತ್ರಿ ಹೊತ್ತಿಗೆ ಸರಿಯಾಗಿ ಮಲಗಿದನೆ, ಬಹಳ ಸರಿ. ಕರ್ತವ್ಯವಿದೆ; ಆದರೆ ಅದು ಶಕ್ತಿಯಿದ್ದಷ್ಟು, ಶಕ್ತಿ ಬಂದ ಹಾಗೆ ಬೆಳೆಯತಕ್ಕದ್ದು.

ಹಾಗಾದರೆ ಅವನಿಗೆ ಶಕ್ತಿಯಿಲ್ಲದಾಗ ಆ ಕರ್ತವ್ಯ ಎಲ್ಲಿಗೆ ಹೋಗುತ್ತದೆ? ಶಕ್ತಿಯಿರುವವರ ಹೆಗಲಿಗೆ. ಅದರ ಒಂದು ಪಾಲು ಮನೆಯವರದು. ಅವನೊಬ್ಬನ ತಟ್ಟೆಯನ್ನು ಕಾಯದೆ ಮನೆಯವರೆಲ್ಲರೂ ಒಂದೇ ಮಿತವಾದ ಊಟವನ್ನು ಉಣ್ಣುವುದು, ಸಂಜೆ ಜೊತೆಗೆ ನಡೆಯುವುದು, ನಂಟರ ಹಾಸ್ಯವನ್ನು ಬಾಗಿಲಲ್ಲಿಯೇ ತಡೆಯುವುದು. ಮತ್ತೊಂದು ಪಾಲು ವೈದ್ಯನದು. ಔಷಧವನ್ನು ಪ್ರಾರಂಭಿಸುವಾಗಲೇ ತೂಕ, ಸುತ್ತಳತೆ, ರಕ್ತದೊತ್ತಡ, ಸಕ್ಕರೆ, ಕೊಬ್ಬುಗಳನ್ನು ಅಳೆದು ಮತ್ತೆ ಮತ್ತೆ ನೋಡಬೇಕು. ತೂಕ ಏರಿದರೆ ಔಷಧವನ್ನು ಬದಲಾಯಿಸುವ ಅಥವಾ ಅದಕ್ಕೆ ಪರಿಹಾರ ಮಾಡುವ ದಾರಿಗಳಿವೆ. ರೋಗಿಯು “ಮೈ ಊದುತ್ತಿದೆ” ಎಂದಾಗ ಅದನ್ನು ಚಿಲ್ಲರೆ ದೂರೆಂದು ತಳ್ಳಿಹಾಕುವ ವೈದ್ಯನು, ರೋಗಿ ಔಷಧ ಬಿಡುವುದಕ್ಕೆ ತಾನೂ ಕಾರಣನಾಗುತ್ತಾನೆ. ಔಷಧವನ್ನು ತಾನಾಗಿ ಬಿಡುವುದು ಮಾತ್ರ ಯಾವಾಗಲೂ ಅಪಾಯ. ಬದಲಾಯಿಸುವ ಮಾತು ವೈದ್ಯನ ಮುಂದೆ ಆಗಬೇಕು. ಇಲ್ಲಿಗೆ ರೋಗಿಯ ಪಾಲೂ ಬಂದಿತು: ಬೆಳಕು ಬಂದ ದಿನಗಳಲ್ಲಿ ಮುಂದಿನ ಕತ್ತಲೆಗೆ ಏರ್ಪಾಡು ಮಾಡಿಕೊಳ್ಳುವುದು, ನಿದ್ರೆ ತಪ್ಪಿದ ಮೊದಲ ರಾತ್ರಿಯೇ ಮನೆಯವರಿಗೆ ಹೇಳುವುದು.

ಇನ್ನುಳಿದ ಪಾಲು ಸಮಾಜದ್ದು. ಈ ನಾಡು ಅದನ್ನು ಪೂರ್ತಿಯಾಗಿ ಮರೆತಿಲ್ಲ. ೧೯೫೪ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಯಿತು. ೧೯೭೪ರಲ್ಲಿ ಅದೇ ನಿಮ್ಹಾನ್ಸ್ ಆಯಿತು. ೧೯೮೫ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಸಾಮಾನ್ಯ ವೈದ್ಯರಿಗೇ ತರಬೇತಿ ಕೊಟ್ಟು ಹಳ್ಳಿಗಳಿಗೆ ಮನೋವೈದ್ಯವನ್ನು ಮುಟ್ಟಿಸಿದ ಪ್ರಯೋಗ ದೇಶಕ್ಕೆಲ್ಲ ಮಾದರಿಯಾಯಿತು. ಕನ್ನಡದಲ್ಲಿ ‘ಕೊರವಂಜಿ’ಯ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು, ಡಾ. ಸಿ. ಆರ್. ಚಂದ್ರಶೇಖರ್ ಅವರು ಮನಸ್ಸಿನ ಕಾಯಿಲೆಗಳನ್ನು ಕುರಿತು ಜನಸಾಮಾನ್ಯರಿಗಾಗಿ ಬಹುಸಂಖ್ಯೆಯ ಪುಸ್ತಕಗಳನ್ನು ಬರೆದಿದ್ದಾರೆ. ೨೦೨೨ರ ಅಕ್ಟೋಬರಿನಲ್ಲಿ ಪ್ರಾರಂಭವಾದ ಟೆಲಿ-ಮಾನಸ್ ಸೇವೆಗೆ ೧೪೪೧೬ ಎಂಬ ಸಂಖ್ಯೆಗೆ ಕರೆಮಾಡಿ 
ಕನ್ನಡದಲ್ಲಿಯೇ ಮಾತನಾಡಬಹುದು.

ಎಲ್ಲಕ್ಕಿಂತ ಗಮನಿಸತಕ್ಕದ್ದು ಕಾನೂನಿನಲ್ಲಾದ ಬದಲಾವಣೆ. ಆತ್ಮಹತ್ಯೆಗೆ ಯತ್ನಿಸಿ ಬದುಕಿದವನನ್ನು ಭಾರತ ದಂಡಸಂಹಿತೆಯ ೩೦೯ನೆಯ ಪ್ರಕರಣ ಅಪರಾಧಿಯೆನ್ನುತ್ತಿದ್ದಿತು. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ೧೧೫ನೆಯ ಪ್ರಕರಣವು, ಅಂಥವನು ತೀವ್ರ ಮನೋಯಾತನೆಯಲ್ಲಿದ್ದನೆಂದೇ ಭಾವಿಸಬೇಕು, ದಂಡಿಸಬಾರದು, ಅವನ ಆರೈಕೆ ಸರ್ಕಾರದ ಕರ್ತವ್ಯ ಎಂದು ವಿಧಿಸಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಹಳೆಯ ೩೦೯ನೆಯ ಪ್ರಕರಣವಿಲ್ಲ. ನ್ಯಾಯಾಧಿಪತಿಯೇ ತನ್ನ ಅರ್ಥದ ದೋಷವನ್ನು ಕೈಬಿಟ್ಟು ವೈದ್ಯನ ಅರ್ಥಕ್ಕೆ ದಾರಿ ಬಿಟ್ಟುಕೊಟ್ಟಿದ್ದಾನೆ. ಹೀಗಿರುವಾಗ ಮನೆಯ ಹಿರಿಯರು ಆ ಪೀಠವನ್ನೇರಿ ಕುಳಿತಿರುವುದು ಯಾವ ನ್ಯಾಯ?

ಮತ್ತೆ ಆ ಮನೆಗೆ ಹಿಂದಿರುಗಬಹುದು. ಹುಡುಗನು ಔಷಧವನ್ನು ಮತ್ತೆ ತೆಗೆದುಕೊಳ್ಳುತ್ತಿದ್ದಾನೆ. ವೈದ್ಯರು ಒಂದನ್ನು ಬದಲಾಯಿಸಿದ್ದಾರೆ. ತೂಕ ಸ್ವಲ್ಪ ಇಳಿದಿದೆ, ಬಹಳವೇನಿಲ್ಲ. ತಂದೆ ಸಂಜೆ ತೋಟಕ್ಕೆ ಹೊರಡುವಾಗ “ಬಾರಪ್ಪ” ಎಂದಷ್ಟೇ ಕರೆಯುತ್ತಾರೆ. ಬಂದರೆ ಜೊತೆಗೆ ನಡೆಯುತ್ತಾರೆ, ಬಾರದಿದ್ದರೆ ಬೈಯುವುದಿಲ್ಲ. ಉಂಡೆ ಕೊಬ್ಬರಿಗೆಂದು ಅಟ್ಟಕ್ಕೇರಿಸಿದ ಕಾಯಿಯೊಳಗಿನ ನೀರು ತಾನಾಗಿ ಬತ್ತಿ, ತಿರುಳು ಚಿಪ್ಪನ್ನು ಬಿಡುವುದಕ್ಕೆ ವರ್ಷದ ಬಹುಭಾಗ ಬೇಕೆಂದು ಅವರಿಗೆ ಗೊತ್ತು. ಆಗಾಗ ಒಂದು ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡುತ್ತಾರೆ. ಹದಕ್ಕೆ ಬಾರದಿದ್ದರೆ ಮತ್ತೆ ಅದೇ ಜಾಗದಲ್ಲಿಡುತ್ತಾರೆ. ಸೋದರಮಾವನವರು ಮೊನ್ನೆ ಬಂದಿದ್ದಾಗ ಎಂದಿನಂತೆ, “ಇದೆಲ್ಲ ಯಾರ ತಪ್ಪಿಂದ ಆಯ್ತು ಅಂತೀರಿ ಭಾವ?” ಎಂದು ಕೇಳಿದರು. ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದನ್ನ ಕೇಳೋದು ಬಿಟ್ಮೇಲೇನೇ ಕಣಯ್ಯ ಹುಡುಗ ಊಟಕ್ಕೆ ನಮ್ಮ ಜೊತೆ ಕೂತ್ಕೊಳ್ತಾ ಇರೋದು” ಎಂದರು.